ಐವಿಎಫ್ ಲ್ಯಾಬ್ ಆರಿಸುವಾಗ: ಗೋಡೆಯ ಸರ್ಟಿಫಿಕೇಟ್ ಮತ್ತು ಒಳಗಿನ ರಿಜಿಸ್ಟರ್

"ಮೂರು ಕಡೆ ತೋರಿಸಿಕೊಂಡು ಬಂದ್ವಿ. ಒಂದು ನಮ್ಮ ಜಿಲ್ಲೆಯ ಡಾಕ್ಟರ್ ಹತ್ರ, ಒಂದು ಬೆಂಗಳೂರಿನ ದೊಡ್ಡ ಚೈನ್, ಇನ್ನೊಂದು ಮೆಡಿಕಲ್ ಕಾಲೇಜು ಆಸ್ಪತ್ರೆ. ಮೂರೂ ಕಡೆ ಗೋಡೆ ತುಂಬ ಸರ್ಟಿಫಿಕೇಟ್. ಯಾವುದನ್ನು ನಂಬೋದು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರ ಊರು ಬೇರೆ, ವಯಸ್ಸು ಬೇರೆ, ಗೊಂದಲ ಮಾತ್ರ ಒಂದೇ.

ನಾನು ಡಾಕ್ಟರ್ ಅಲ್ಲ. ಅಕ್ಕ, ಭಾವನ ಜೊತೆ ನಾಲ್ಕು ವರ್ಷ ಇಂಥ ಕ್ಲಿನಿಕ್‌ಗಳ ಬೆಂಚಿನ ಮೇಲೆ ಕೂತವಳು. ಅವರ ಮೊದಲ ಐವಿಎಫ್ (ಅಂಡಾಣು, ವೀರ್ಯವನ್ನು ದೇಹದ ಹೊರಗೆ ಲ್ಯಾಬ್‌ನಲ್ಲಿ ಸೇರಿಸಿ ಭ್ರೂಣ ಬೆಳೆಸುವುದು) ಆದ ಕಡೆ ಮೂರು ಭ್ರೂಣ ಫ್ರೀಜ್ ಮಾಡಿದ್ದರು. ಆಮೇಲೆ ಭಾವನಿಗೆ ವರ್ಗವಾಯಿತು, ಕ್ಲಿನಿಕ್ ಬದಲಿಸಬೇಕಾಯಿತು. ಹಳೆಯ ಕಡೆಯಿಂದ ಕೈಗೆ ಬಂದದ್ದು ಅರ್ಧ ಪುಟದ ಕಾಗದ. ಭ್ರೂಣದ ಬಗ್ಗೆ ಅದರಲ್ಲಿದ್ದದ್ದು ಒಂದೇ ಸಾಲು: ಮೂರು ಫ್ರೀಜ್ ಆಗಿವೆ ಅಂತ. ಹೊಸ ಕ್ಲಿನಿಕ್‌ನ ಎಂಬ್ರಿಯಾಲಜಿಸ್ಟ್, ಅಂದರೆ ಲ್ಯಾಬ್‌ನಲ್ಲಿ ಭ್ರೂಣ ನೋಡಿಕೊಳ್ಳುವ ತಜ್ಞರು, ಅದನ್ನು ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದರು. ಆಮೇಲೆ ಕೇಳಿದರು: ಎಷ್ಟನೇ ದಿನ ಫ್ರೀಜ್ ಮಾಡಿದ್ದು? ಗ್ರೇಡ್ ಏನು? ಫ್ರೀಜ್ ಮಾಡಲು ಬಳಸಿದ್ದು ಯಾವ ಕಿಟ್? ಭ್ರೂಣ ಇಡುವ ಸಣ್ಣ ಕೊಳವೆ, ಅಂದರೆ ಒಂದೊಂದು ಸ್ಟ್ರಾದಲ್ಲಿ ಎಷ್ಟಿವೆ? ನಮ್ಮ ಹತ್ರ ಉತ್ತರ ಇರಲಿಲ್ಲ. ಹಳೆಯ ಕ್ಲಿನಿಕ್‌ಗೆ ಫೋನ್ ಮಾಡಿದರೆ, ಆ ಕೆಲಸ ಮಾಡಿದವರು ಬಿಟ್ಟು ಹೋಗಿದ್ದಾರೆ, ರಿಜಿಸ್ಟರ್ ಇನ್ನೊಂದು ಬ್ರಾಂಚ್‌ನಲ್ಲಿದೆ ಅಂದರು. ಏಳು ವಾರ ಓಡಾಡಿದೆವು. ಎರಡು ಭ್ರೂಣದ ವಿವರ ಸಿಕ್ಕಿತು. ಮೂರನೆಯದರದ್ದು ಸಿಗಲೇ ಇಲ್ಲ. ಆ ಕ್ಲಿನಿಕ್‌ನ ಗೋಡೆಯ ಮೇಲೂ ಐದು ಸರ್ಟಿಫಿಕೇಟ್ ಇದ್ದವು.

ಅದಕ್ಕೇ ಕೇಳಿದವರಿಗೆಲ್ಲ ಹೀಗೆ ಹೇಳುತ್ತೇನೆ. ಸರ್ಟಿಫಿಕೇಟ್ ನೋಡಿ, ಅದಿಲ್ಲದ ಕಡೆ ಕಾಲಿಡಲೇಬೇಡಿ. ಆದರೆ ಅದು ಲ್ಯಾಬ್ ತೆರೆಯಲು ಸಿಕ್ಕ ಅನುಮತಿ ಅಷ್ಟೇ. ನಿನ್ನೆ ರಾತ್ರಿ ಆ ಲ್ಯಾಬ್ ಹೇಗೆ ನಡೆಯಿತು ಅನ್ನೋದು ರಿಜಿಸ್ಟರ್‌ನಲ್ಲಿರುತ್ತದೆ. ಆರಿಸುವಾಗ ಎರಡನ್ನೂ ತೂಗಬೇಕು.

ಮೊದಲು ಅಳತೆಗೋಲು

ಕಾನೂನಿನ ನೋಂದಣಿಯಿಂದ ಶುರು ಮಾಡೋಣ. ನಮ್ಮಲ್ಲಿ ಬಹಳ ವರ್ಷ ಇದಕ್ಕೆ ಕಾನೂನೇ ಇರಲಿಲ್ಲ. 2005ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಕೊಟ್ಟಿತ್ತು, ಆದರೆ ಪಾಲಿಸದವರನ್ನು ಶಿಕ್ಷಿಸುವ ಬಲ ಅದಕ್ಕಿರಲಿಲ್ಲ. 2021ರಲ್ಲಿ ಎಆರ್‌ಟಿ, ಅಂದರೆ ಸಂತಾನೋತ್ಪತ್ತಿಗೆ ನೆರವಾಗುವ ತಂತ್ರಜ್ಞಾನದ ಕಾಯ್ದೆ ಬಂತು. 2022ರ ಜನವರಿ 25ರಿಂದ ಜಾರಿಯಾಯಿತು, ಅದೇ ಜೂನ್‌ನಲ್ಲಿ ನಿಯಮಗಳು ಬಂದವು. ಈಗ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಲೇಬೇಕು. ನೋಂದಣಿ ಐದು ವರ್ಷಕ್ಕೆ ಮಾತ್ರ, ಆಮೇಲೆ ನವೀಕರಣ. ಅಂದರೆ 2022–23ರಲ್ಲಿ ಪಡೆದದ್ದು 2027–28ಕ್ಕೆ ಮುಗಿಯುತ್ತದೆ. ಹಾಗಾಗಿ ದಿನಾಂಕ ಓದಿ. ವಿಳಾಸವನ್ನೂ ಓದಿ. ನೀವು ಕೂತಿರುವ ಕಟ್ಟಡದ ವಿಳಾಸವೇ ಅದರಲ್ಲಿರಬೇಕು. ಮುಖ್ಯ ಕಚೇರಿಯ ಸರ್ಟಿಫಿಕೇಟ್‌ನ ಜೆರಾಕ್ಸ್ ತಂದು ಬ್ರಾಂಚ್‌ನ ಗೋಡೆಗೆ ಹಾಕಿದರೆ ಸಾಲದು.

ಇನ್ನೊಂದು ಶಬ್ದ ಹುಡುಕಿ: ಲೆವೆಲ್. ಲೆವೆಲ್ 1 ಕ್ಲಿನಿಕ್ ಐಯುಐ ಮಾತ್ರ ಮಾಡಬಹುದು, ಅಂದರೆ ವೀರ್ಯವನ್ನು ಸಿದ್ಧಪಡಿಸಿ ಗರ್ಭಕೋಶಕ್ಕೆ ಬಿಡುವುದು. ಐವಿಎಫ್, ಇಕ್ಸಿ (ಒಂದು ಅಂಡಾಣುವಿನೊಳಗೆ ಒಂದು ವೀರ್ಯಾಣುವನ್ನು ಸೂಜಿಯಿಂದ ಬಿಡುವುದು), ಭ್ರೂಣ ಫ್ರೀಜ್ ಮಾಡುವುದು ಎಲ್ಲ ಲೆವೆಲ್ 2. ದಾನಿಯ ಅಂಡಾಣು, ವೀರ್ಯ ಒದಗಿಸುವ ಎಆರ್‌ಟಿ ಬ್ಯಾಂಕ್‌ಗೆ ಬೇರೆ ನೋಂದಣಿ. ಬಾಡಿಗೆ ತಾಯ್ತನ ಮಾಡಿಸುವ ಕ್ಲಿನಿಕ್‌ಗೆ ಇನ್ನೊಂದು. ಒಂದರ ಕಾಗದ ಇನ್ನೊಂದಕ್ಕೆ ನಡೆಯುವುದಿಲ್ಲ.

ಎರಡನೆಯ ಅಳತೆ, ಲ್ಯಾಬ್‌ನಲ್ಲಿ ದಿನಾ ಯಾರಿರುತ್ತಾರೆ ಅನ್ನೋದು. ನಾವು ಡಾಕ್ಟರ್ ಮುಖ ನೋಡಿ ಕ್ಲಿನಿಕ್ ಆರಿಸುತ್ತೇವೆ, ಅಲ್ವಾ? ಆದರೆ ಅಂಡಾಣು ಹೊರಬಂದ ಮೇಲೆ ಐದಾರು ದಿನ ಅದನ್ನು ನೋಡಿಕೊಳ್ಳುವವರು ಎಂಬ್ರಿಯಾಲಜಿಸ್ಟ್. ಅವರನ್ನು ಹೆಚ್ಚಿನ ದಂಪತಿಗಳು ಕಣ್ಣಾರೆ ಕಂಡೇ ಇರುವುದಿಲ್ಲ. ಸಣ್ಣ ಊರುಗಳಲ್ಲಿ ಎಂಬ್ರಿಯಾಲಜಿಸ್ಟ್ ಹೊರಗಿನಿಂದ ಬರುವುದುಂಟು. ಅವರು ಬರುವ ವಾರಕ್ಕೆ ಹೊಂದುವಂತೆ ಹತ್ತಾರು ಹೆಂಗಸರ ಸೈಕಲ್ ಅನ್ನು, ಅಂದರೆ ಒಂದು ಸುತ್ತಿನ ಚಿಕಿತ್ಸೆಯನ್ನು, ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಇದಕ್ಕೆ ಬ್ಯಾಚ್ ಅಂತಾರೆ. ಬ್ಯಾಚ್ ಮಾಡಿದರೆ ಖರ್ಚು ತಗ್ಗುತ್ತದೆ, ನಿಜ. ಆದರೆ ಅವರು ಊರು ಬಿಟ್ಟ ಮೇಲೆ ಫ್ರೀಜ್ ಆದ ಭ್ರೂಣದ ಟ್ಯಾಂಕ್ ನೋಡುವವರು ಯಾರು? ಭಾನುವಾರ ಕರೆಂಟ್ ಹೋದರೆ ಬರುವವರು ಯಾರು? ಹೆಸರು ಹೇಳುತ್ತಾರಾ, ಅಥವಾ "ನಮ್ಮ ಟೀಮ್ ಇದೆ" ಅಂತಾರಾ, ಗಮನಿಸಿ.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ಕೇಳುವುದೇ ಇಲ್ಲ. ಭ್ರೂಣ ಬೆಳೆಯುವುದು ಇನ್‌ಕ್ಯುಬೇಟರ್‌ನಲ್ಲಿ. ಒಳಗೆ 37 ಡಿಗ್ರಿ ಇರಬೇಕು, ಕಾರ್ಬನ್ ಡೈಆಕ್ಸೈಡ್ ಸುಮಾರು ಶೇಕಡಾ 5ರಿಂದ 6ರಷ್ಟು ಇರಬೇಕು. ಯಂತ್ರದ ಮುಂದಿನ ಡಿಸ್‌ಪ್ಲೇ ಅದನ್ನು ತೋರಿಸುತ್ತದೆ. ಒಳ್ಳೆಯ ಲ್ಯಾಬ್ ಡಿಸ್‌ಪ್ಲೇ ಒಂದನ್ನೇ ನಂಬುವುದಿಲ್ಲ. ಬೇರೆ ಥರ್ಮಾಮೀಟರ್, ಬೇರೆ ಗ್ಯಾಸ್ ಮೀಟರ್ ಇಟ್ಟು ದಿನಾ ಅಳೆದು ಬರೆದಿಡುತ್ತದೆ. ಆ ಹಾಳೆ ತೋರಿಸಿ ಅಂತ ಕೇಳಿ. ಲ್ಯಾಬ್ ಒಳಗೆ ನಿಮ್ಮನ್ನು ಬಿಡುವುದಿಲ್ಲ, ಬಿಡಲೂಬಾರದು. ಒಳಗಿನ ಗಾಳಿ ಶುದ್ಧವಾಗಿರಬೇಕು, ಸೆಂಟ್ ಹಾಕಿಕೊಂಡು ಬಂದವರನ್ನೂ ಹೊರಗೇ ನಿಲ್ಲಿಸುತ್ತಾರೆ. ಆದರೆ ಹಾಳೆಯನ್ನು ಹೊರಗೆ ತಂದು ತೋರಿಸಬಹುದಲ್ಲ.

ನಾನು ಅಂಥ ಎರಡು ಹಾಳೆ ನೋಡಿದ್ದೇನೆ. ಒಂದು ಕಡೆ ಇಡೀ ತಿಂಗಳು 37.0, 37.0, 37.0. ಎಲ್ಲ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಭಾನುವಾರವೂ ಸೇರಿ. ಇನ್ನೊಂದು ಕಡೆ 36.9, 37.1, 37.0. ಸಹಿಗಳು ಬೇರೆ ಬೇರೆ. ಒಂದು ದಿನದ ಮನೆಗೆ ಕೆಂಪು ಸುತ್ತು ಹಾಕಿ, "ಬಾಗಿಲು ಸರಿಯಾಗಿ ಕೂತಿರಲಿಲ್ಲ, 20 ನಿಮಿಷ ಬಿಟ್ಟು ಮತ್ತೆ ನೋಡಿದೆ, ಸರಿ ಇದೆ" ಅಂತ ಬರೆದಿದ್ದರು. ಅಕ್ಕ ಎರಡನೆಯ ಕಡೆಯೇ ಆಗಲಿ ಅಂದಳು. ತಪ್ಪು ಬರೆದಿಟ್ಟ ಹಾಳೆಯನ್ನು ನಾನು ಜಾಸ್ತಿ ನಂಬುತ್ತೇನೆ.

ನಾಲ್ಕನೆಯದು ಗುರುತು. ನಿಮ್ಮ ಅಂಡಾಣು, ನಿಮ್ಮ ಗಂಡನ ವೀರ್ಯ, ನಿಮ್ಮ ಭ್ರೂಣ. ಪಾತ್ರೆಯಿಂದ ಪಾತ್ರೆಗೆ ಬದಲಾಗುವ ಪ್ರತಿ ಹೆಜ್ಜೆಯಲ್ಲೂ ಇಬ್ಬರು ಹೆಸರು ಓದಿ ಸಹಿ ಹಾಕಬೇಕು. ಕೆಲವು ಕಡೆ ಡಿಶ್‌ಗೆ (ಅಂಡಾಣು, ಭ್ರೂಣ ಇಡುವ ಸಣ್ಣ ತಟ್ಟೆಗೆ) ಚಿಪ್ ಅಂಟಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ತಪ್ಪು ಡಿಶ್ ಮೇಜಿಗೆ ಬಂದರೆ ಅದು ಕೂಗುತ್ತದೆ. ಅದಿದ್ದರೆ ಒಳ್ಳೆಯದು, ಬಿಲ್ಲಿನಲ್ಲೂ ಅದರ ಪಾಲು ಇರುತ್ತದೆ. ಆದರೆ ಎರಡು ಜೊತೆ ಕಣ್ಣು, ಎರಡು ಸಹಿ ಇದ್ದರೂ ಸಾಕು. ಒಬ್ಬರೇ ಎಂಬ್ರಿಯಾಲಜಿಸ್ಟ್ ಇರುವ ಕಡೆ ಎರಡನೆಯ ಸಹಿ ಯಾರದ್ದು ಅಂತ ಮರೆಯದೆ ಕೇಳಿ.

ಟ್ಯಾಂಕ್. ಫ್ರೀಜ್ ಆದ ಭ್ರೂಣ ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇರುತ್ತದೆ. ಟ್ಯಾಂಕ್‌ಗೆ ಕರೆಂಟ್ ಬೇಕಿಲ್ಲ, ಆದರೆ ನೈಟ್ರೋಜನ್ ಆವಿಯಾಗುತ್ತಲೇ ಇರುತ್ತದೆ. ತುಂಬಿಸುತ್ತಲೇ ಇರಬೇಕು. 2018ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಂದು ವಾರಾಂತ್ಯ ಟ್ಯಾಂಕ್ ಬೆಚ್ಚಗಾಯಿತು. 4,000ಕ್ಕೂ ಜಾಸ್ತಿ ಅಂಡಾಣು, ಭ್ರೂಣ ಹಾಳಾದವು. ಸಿಬ್ಬಂದಿಗೆ ದೂರದಿಂದಲೇ ಎಚ್ಚರಿಕೆ ಕಳಿಸುವ ಅಲಾರಂ ಆಫ್ ಆಗಿತ್ತು ಅಂತ ಆಸ್ಪತ್ರೆಯೇ ಆಮೇಲೆ ತಿಳಿಸಿತು. ಅಷ್ಟು ದೊಡ್ಡ ಹೆಸರಿನ ಕಡೆಯೇ ಹೀಗಾದ ಮೇಲೆ, "ರಾತ್ರಿ ಎರಡಕ್ಕೆ ಅಲಾರಂ ಹೊಡೆದರೆ ಯಾರ ಮೊಬೈಲ್‌ಗೆ ಹೋಗುತ್ತೆ?" ಅಂತ ಕೇಳಲು ಸಂಕೋಚ ಬೇಡ.

ಇನ್ನು ಸಕ್ಸಸ್ ರೇಟ್. ಒಂದು ಲೆಕ್ಕ ಮಾಡಿ ನೋಡಿ. 100 ಹೆಂಗಸರು ಇಂಜೆಕ್ಷನ್ ಶುರು ಮಾಡಿದರು ಅಂದುಕೊಳ್ಳಿ. ಭ್ರೂಣ ಗರ್ಭಕೋಶಕ್ಕೆ ಬಿಡುವ ಹಂತಕ್ಕೆ 80 ಜನ ತಲುಪಿದರು. 36 ಜನಕ್ಕೆ ಟೆಸ್ಟ್ ಪಾಸಿಟಿವ್ ಬಂತು. 26 ಜನ ಮಗುವನ್ನು ಮನೆಗೆ ಕರೆದುಕೊಂಡು ಹೋದರು. ಈ ಕ್ಲಿನಿಕ್ "ನಮ್ಮದು ಶೇಕಡಾ 45" ಅಂದರೂ ಸುಳ್ಳಲ್ಲ, ಯಾಕಂದರೆ 80ರಲ್ಲಿ 36. "ಶೇಕಡಾ 26" ಅಂದರೂ ಸುಳ್ಳಲ್ಲ. ನಿಮಗೆ ಬೇಕಿರುವುದು ಎರಡನೆಯದು, ಅದೂ ನಿಮ್ಮ ವಯಸ್ಸಿನವರದ್ದು. ಬ್ರಿಟನ್‌ನಲ್ಲಿ ಎಚ್‌ಎಫ್‌ಇಎ ಅನ್ನುವ ಸರ್ಕಾರಿ ಸಂಸ್ಥೆ ಕ್ಲಿನಿಕ್‌ವಾರು ಫಲಿತಾಂಶ ಪ್ರಕಟಿಸುತ್ತದೆ. ಅಮೆರಿಕದಲ್ಲಿ 1992ರ ಕಾಯ್ದೆಯಂತೆ ಕ್ಲಿನಿಕ್‌ಗಳು ಸಿಡಿಸಿ ಅನ್ನುವ ಸರ್ಕಾರಿ ಆರೋಗ್ಯ ಸಂಸ್ಥೆಗೆ ಅಂಕಿ ಕೊಡಬೇಕು. ನಮ್ಮಲ್ಲೂ ಕ್ಲಿನಿಕ್‌ಗಳು ರಾಷ್ಟ್ರೀಯ ರಿಜಿಸ್ಟ್ರಿಗೆ ಮಾಹಿತಿ ಕೊಡಬೇಕು ಅಂತ ಕಾನೂನಿದೆ. ಆದರೆ ಅಂಥ ಪಟ್ಟಿ ಮುಂದಿಟ್ಟುಕೊಂಡು ಆರಿಸುವ ಅನುಕೂಲ ನಮ್ಮ ದಂಪತಿಗಳಿಗಿಲ್ಲ. ಇದು ಬೇಗ ಆಗಬೇಕು.

ಅಲ್ಲಿಯವರೆಗೆ ಲ್ಯಾಬ್‌ನ ಅಂಕಿಯನ್ನೇ ಕೇಳಿ. ಇದಕ್ಕೆ ಎಲ್ಲರೂ ಒಪ್ಪುವ ಅಳತೆ ಇದೆ. ಎಶ್ರೆ ಅನ್ನುವ ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ ಮತ್ತು ಆಲ್ಫಾ ಅನ್ನುವ ಎಂಬ್ರಿಯಾಲಜಿಸ್ಟ್‌ಗಳ ಸಂಘ ಸೇರಿ ವಿಯೆನ್ನಾದಲ್ಲಿ ಒಪ್ಪಿಕೊಂಡು, 2017ರಲ್ಲಿ ಪ್ರಕಟಿಸಿದ್ದು. ಇಕ್ಸಿ ಮಾಡಿದ ಅಂಡಾಣುಗಳಲ್ಲಿ ಕನಿಷ್ಠ ಶೇಕಡಾ 65 ಸರಿಯಾಗಿ ಫಲಿಸಬೇಕು, ಒಳ್ಳೆಯ ಲ್ಯಾಬ್‌ನಲ್ಲಿ 80. ಫಲಿಸಿದವುಗಳಲ್ಲಿ ಕನಿಷ್ಠ 40 ಐದನೆಯ ದಿನ ಬ್ಲಾಸ್ಟೊಸಿಸ್ಟ್, ಅಂದರೆ ಗರ್ಭಕೋಶಕ್ಕೆ ಅಂಟಿಕೊಳ್ಳಲು ತಯಾರಾದ ಭ್ರೂಣದ ಹಂತ ಮುಟ್ಟಬೇಕು, ಒಳ್ಳೆಯ ಕಡೆ 60. ಫ್ರೀಜ್ ಮಾಡಿದ ಬ್ಲಾಸ್ಟೊಸಿಸ್ಟ್ ಕರಗಿಸಿದಾಗ ಕನಿಷ್ಠ 90 ಬದುಕಬೇಕು, ಒಳ್ಳೆಯ ಕಡೆ 99. "ಹೋದ ಮೂರು ತಿಂಗಳಲ್ಲಿ ನಿಮ್ಮದು ಎಷ್ಟು?" ಅಂತ ಕೇಳಿ. ಅಂಕಿ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ, ತಕ್ಷಣ ಹೇಳುವ ಲ್ಯಾಬ್ ಅದನ್ನು ಲೆಕ್ಕ ಹಾಕುತ್ತಿದೆ ಅಂತ ಅರ್ಥ.

ಕೊನೆಯ ಅಳತೆ, ನಿಮ್ಮ ಕೈಗೆ ಬರುವ ಕಾಗದ. ಮಾಡಿದ ಚಿಕಿತ್ಸೆಯ ವಿವರವಿರುವ ಡಿಸ್‌ಚಾರ್ಜ್ ಸರ್ಟಿಫಿಕೇಟ್ ಕೊಡಬೇಕು ಅಂತ ಎಆರ್‌ಟಿ ಕಾಯ್ದೆಯೇ ಹೇಳುತ್ತದೆ. ಅಡ್ಡಪರಿಣಾಮ, ಖರ್ಚು, ಗೆಲುವಿನ ಸಾಧ್ಯತೆ ಎಲ್ಲ ಮೊದಲೇ ತಿಳಿಸಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು. ದೂರು ಕೇಳಲು ಒಂದು ವಿಭಾಗ ಇರಬೇಕು. ದಾಖಲೆಗಳನ್ನು 10 ವರ್ಷ ಇಡಬೇಕು. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಅಂತ 2002ರ ವೈದ್ಯರ ನಡತೆಯ ನಿಯಮದಲ್ಲೂ ಇದೆ. ನಮಗೆ ಆಗ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಏಳು ವಾರ ಫೋನ್ ಮಾಡುತ್ತಾ ಕೂರದೆ, ಮೊದಲ ದಿನವೇ ಬರಹದಲ್ಲಿ ಅರ್ಜಿ ಕೊಡುತ್ತಿದ್ದೆವು.

ಬರೆದಿಟ್ಟ ಕಾಗದಕ್ಕೆ ಎಷ್ಟು ಬೆಲೆ ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಕಥೆ ಇದೆ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ಪ್ರನಾಳ ಶಿಶು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವೇ ದೇಶದ ಮೊದಲನೆಯದು ಅನಿಸಿಕೊಂಡಿತು. ಆ ಕೆಲಸದ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಕ್ಲಿನಿಕ್ ಕಟ್ಟಿದವರು. ಮುಖ್ಯೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಅವರು ಓದಿದರು, ಮತ್ತು 1997ರಲ್ಲಿ, ಮೊದಲನೆಯದು ನಮ್ಮದಲ್ಲ, ಅವರದ್ದು ಅಂತ ತಾವೇ ಹೇಳಿದರು. ಸರ್ಕಾರದ ಸಮಿತಿ ಒಪ್ಪದ್ದನ್ನು ಟಿಪ್ಪಣಿ ಪುಸ್ತಕ ಒಪ್ಪಿಸಿತು. ಇದನ್ನು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಯಾವ ಸರ್ಟಿಫಿಕೇಟ್ ಏನು ಹೇಳುತ್ತದೆ

ಗೋಡೆಯ ಮೇಲಿರುವುದರಲ್ಲಿ ಕೆಲವು ಕಡ್ಡಾಯ, ಕೆಲವು ಅವರಾಗಿ ಪಡೆದದ್ದು. ಮೊದಲು ಇದನ್ನು ಬೇರ್ಪಡಿಸಿ.

ಕಡ್ಡಾಯದ್ದರಲ್ಲಿ ನೀವು ನೋಡಬೇಕಾದದ್ದು ಮೂರು. ಎಆರ್‌ಟಿ ನೋಂದಣಿ ಬಗ್ಗೆ ಹೇಳಿದೆ. ಎರಡನೆಯದು ಪಿಸಿಪಿಎನ್‌ಡಿಟಿ, ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ನೋಂದಣಿ. ಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡ್ ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಕಾಣುವಂತಿರಬೇಕು. ಭ್ರೂಣದ ವಂಶವಾಹಿ ಪರೀಕ್ಷೆಯ ನೆಪದಲ್ಲಿ "ಗಂಡೇ ಆಗುವ ಹಾಗೆ ನೋಡೋಣ" ಅಂತ ಯಾರಾದರೂ ಸೂಚಿಸಿದರೆ ಅಲ್ಲಿಂದ ಎದ್ದು ಬನ್ನಿ. ಲಿಂಗ ಆರಿಸಿಕೊಡುತ್ತೇವೆ ಅಂತ ಜಾಹೀರಾತು ಮಾಡಿದರೇ ಎಆರ್‌ಟಿ ಕಾಯ್ದೆಯಲ್ಲಿ ಐದರಿಂದ ಹತ್ತು ವರ್ಷ ಜೈಲು ಅಥವಾ 10ರಿಂದ 25 ಲಕ್ಷ ದಂಡ ಅಥವಾ ಎರಡೂ ಇದೆ. ಇಷ್ಟು ದೊಡ್ಡ ಕಾನೂನು ಮುರಿಯಲು ತಯಾರಿರುವವರು ನಿಮ್ಮ ಡಿಶ್‌ನ ಲೇಬಲ್ ಸರಿಯಾಗಿ ಬರೆಯುತ್ತಾರೆ ಅಂತ ಹೇಗೆ ನಂಬುವುದು? ಮೂರನೆಯದು ಕರ್ನಾಟಕದ್ದು, 2007ರ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ. ಎಲ್ಲ ಖಾಸಗಿ ಆಸ್ಪತ್ರೆಗೂ ಬೇಕು. ಐವಿಎಫ್ ಗುಣಮಟ್ಟದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೆ ದರಪಟ್ಟಿ ಹಾಕದಿದ್ದರೆ, ಬಿಲ್ಲಿನ ತಕರಾರು ಬಂದರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡುವ ದಾರಿ ಅದರಿಂದ ಸಿಗುತ್ತದೆ.

ಅವರಾಗಿ ಪಡೆಯುವುದರಲ್ಲಿ ಎನ್‌ಎಬಿಎಚ್ ಹೆಚ್ಚು ಕಾಣುತ್ತದೆ. ಅದು ಆಸ್ಪತ್ರೆಗೆ ಸಿಗುವ ಮಾನ್ಯತೆ. ಸೋಂಕು ತಡೆ, ಔಷಧ, ಬೆಂಕಿ ಸುರಕ್ಷತೆ, ರೋಗಿಯ ಹಕ್ಕು, ಎಲ್ಲ ನೋಡುತ್ತಾರೆ. ಅದಕ್ಕೆ ನಾನು ಬೆಲೆ ಕೊಡುತ್ತೇನೆ, ಯಾಕಂದರೆ ಅಂಡಾಣು ತೆಗೆಯುವಾಗ ಅರಿವಳಿಕೆ ಕೊಡುತ್ತಾರೆ, ಏನಾದರೂ ಹೆಚ್ಚುಕಮ್ಮಿ ಆದರೆ ಆ ಆಸ್ಪತ್ರೆ ತಯಾರಿರಬೇಕು. ಆದರೆ ಇನ್ನೂರು ಹಾಸಿಗೆಯ ಆಸ್ಪತ್ರೆಗೆ ಸಿಕ್ಕ ಮಾನ್ಯತೆ ನಾಲ್ಕನೇ ಮಹಡಿಯ ಐವಿಎಫ್ ಲ್ಯಾಬ್‌ನ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಮಾನ್ಯತೆಯ ವ್ಯಾಪ್ತಿಯಲ್ಲಿ ಐವಿಎಫ್ ಸೇರಿದೆಯಾ ಅಂತ ಕೇಳಿ.

ಎನ್‌ಎಬಿಎಲ್ ಪರೀಕ್ಷಾ ಲ್ಯಾಬ್‌ಗೆ ಸಿಗುವುದು, ಐಎಸ್‌ಒ 15189 ಮಾನದಂಡದ ಮೇಲೆ. ಹಾರ್ಮೋನ್ ಟೆಸ್ಟ್, ವೀರ್ಯ ಪರೀಕ್ಷೆಯಂಥವು ಇದರಲ್ಲಿ ಬರುತ್ತವೆ. ಒಂದೊಂದು ಲ್ಯಾಬ್‌ಗೆ ಯಾವ ಯಾವ ಟೆಸ್ಟ್‌ಗೆ ಮಾನ್ಯತೆ ಇದೆ ಅಂತ ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲೇ ಹುಡುಕಬಹುದು. ರಕ್ತ ಪರೀಕ್ಷೆಗೆ ಮಾತ್ರ ಮಾನ್ಯತೆ ಇದ್ದು ವೀರ್ಯ ಪರೀಕ್ಷೆ ಪಟ್ಟಿಯಲ್ಲೇ ಇಲ್ಲದಿರಬಹುದು. ಭ್ರೂಣ ಬೆಳೆಸುವ ಕೆಲಸಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಐಎಸ್‌ಒ 9001 ಯಾವ ಉದ್ಯಮಕ್ಕಾದರೂ ಸಿಗುವ ಆಡಳಿತ ವ್ಯವಸ್ಥೆಯ ಪ್ರಮಾಣಪತ್ರ. ಎಂಬ್ರಿಯಾಲಜಿಸ್ಟ್ ಕೈ ಎಷ್ಟು ಪಳಗಿದೆ ಅಂತ ಅದು ನೋಡುವುದಿಲ್ಲ. ಇದೊಂದನ್ನೇ ದೊಡ್ಡದಾಗಿ ಫ್ರೇಮ್ ಹಾಕಿದ್ದರೆ ನಾನು ಜಾಸ್ತಿ ಅಂಕ ಕೊಡುವುದಿಲ್ಲ. ಆರ್‌ಟಿಎಸಿ ಬೇರೆ ಥರ. ಅದು ಆಸ್ಟ್ರೇಲಿಯಾದ್ದು, ಐವಿಎಫ್ ಕೇಂದ್ರಗಳಿಗೆಂದೇ ಮಾಡಿದ್ದು, ಭಾರತದ ಕೆಲವು ಕೇಂದ್ರಗಳೂ ಪಡೆದಿವೆ. ಗುರುತು ತಪ್ಪದಂತೆ ನೋಡುವುದು, ಅವಘಡ ಆದರೆ ವರದಿ ಮಾಡುವುದು, ಇಂಥವನ್ನೆಲ್ಲ ಅದು ನೇರವಾಗಿ ಕೇಳುತ್ತದೆ. ಇದ್ದರೆ ಒಳ್ಳೆಯ ಸೂಚನೆ. ಇಲ್ಲ ಅಂತ ಒಂದು ಕ್ಲಿನಿಕ್ ಅನ್ನು ತಳ್ಳಿಹಾಕಬೇಡಿ.

ಎಲ್ಲಿಗೆ ಹೋಗುವುದು

ಊರಿನ ಲೆವೆಲ್ 1 ಕ್ಲಿನಿಕ್‌ನ ದೊಡ್ಡ ಲಾಭ ಹತ್ತಿರ ಇರುವುದು. ವಯಸ್ಸು ಮೂವತ್ತರ ಒಳಗೆ, ಅಂಡನಾಳಗಳು ಸರಿ ಇವೆ, ವೀರ್ಯದ ತೊಂದರೆ ಅಷ್ಟಿಲ್ಲ ಅಂದರೆ ಐಯುಐಗೆ ಬೆಂಗಳೂರು ಬಸ್ ಹತ್ತುವ ಅಗತ್ಯವಿಲ್ಲ. ನಷ್ಟ ಒಂದೇ, ಸಮಯ ಜಾರುವುದು. ಎಷ್ಟು ಸಲ ಮಾಡಿ ನಿಲ್ಲಿಸುತ್ತೀರಿ ಅಂತ ಡಾಕ್ಟರ್ ಹತ್ರ ಮೊದಲೇ ಮಾತಾಡಿಕೊಳ್ಳಿ. ಮತ್ತೆ, ಲೆವೆಲ್ 1 ಅಂತ ಬರೆದಿರುವ ಕಡೆ "ಇಲ್ಲೇ ಐವಿಎಫ್ ಕೂಡ ಮಾಡಿಸಿಕೊಡ್ತೀವಿ" ಅಂದರೆ, ಯಾವ ಲ್ಯಾಬ್‌ನಲ್ಲಿ, ಆ ಲ್ಯಾಬ್‌ನ ನೋಂದಣಿ ಸಂಖ್ಯೆ ಏನು ಅಂತ ಬರಹದಲ್ಲಿ ತಗೊಳ್ಳಿ.

ಒಬ್ಬ ಡಾಕ್ಟರ್ ನಡೆಸುವ ಸ್ವಂತ ಐವಿಎಫ್ ಕೇಂದ್ರಗಳು ದಾವಣಗೆರೆ, ಹುಬ್ಬಳ್ಳಿ, ಮೈಸೂರು, ಮಂಗಳೂರಿನಂಥ ಊರಲ್ಲಿ ಈಗ ಸಾಕಷ್ಟಿವೆ. ಪ್ರತಿ ಸಲವೂ ಅದೇ ಡಾಕ್ಟರ್ ನೋಡುತ್ತಾರೆ. ನಿಮ್ಮ ಫೈಲು ಅವರ ತಲೆಯಲ್ಲೇ ಇರುತ್ತದೆ. ದುಡ್ಡಿನಲ್ಲೂ ಸ್ವಲ್ಪ ಸಲೀಸು. ಇಲ್ಲಿ ತೂಗಬೇಕಾದದ್ದು ಲ್ಯಾಬ್‌ನಲ್ಲಿರುವ ಜನ. ಎಂಬ್ರಿಯಾಲಜಿಸ್ಟ್ ಸಂಬಳದ ಮೇಲೆ ಅಲ್ಲೇ ಇದ್ದಾರೆ, ಎರಡನೆಯ ಸಹಿ ಇದೆ, ಅಲಾರಂ ಇದೆ ಅಂದರೆ, ಇಂಥ ಕಡೆಯನ್ನು ನಾನು ಎಷ್ಟೋ ದೊಡ್ಡ ಹೆಸರಿಗಿಂತ ಮೇಲೆ ಇಡುತ್ತೇನೆ. ಎಂಬ್ರಿಯಾಲಜಿಸ್ಟ್ ತಿಂಗಳಿಗೊಮ್ಮೆ ಬಂದು ಹೋಗುವವರಾದರೆ, ಅಲ್ಲೇ ಚಿಕಿತ್ಸೆ ಮಾಡಿಸಿದರೂ ಭ್ರೂಣವನ್ನು ವರ್ಷಗಟ್ಟಲೆ ಅಲ್ಲಿ ಇಡುವ ಮೊದಲು ಯೋಚಿಸಿ.

ಚೈನ್ ಕೇಂದ್ರಗಳಲ್ಲಿ ವ್ಯವಸ್ಥೆ ಗಟ್ಟಿ ಇರುತ್ತದೆ. ಚೆಕ್‌ಲಿಸ್ಟ್, ಚಿಪ್ ಅಂಟಿಸಿದ ಡಿಶ್, ಬ್ರಾಂಚ್‌ನಿಂದ ಬ್ರಾಂಚ್‌ಗೆ ಫೈಲು. ಆದರೆ ಜನ ಬದಲಾಗುತ್ತಿರುತ್ತಾರೆ. ಕೌನ್ಸೆಲರ್ ಅಂತ ಕೂತವರು ಕೆಲವು ಕಡೆ ಪ್ಯಾಕೇಜ್ ಮಾರುವುದನ್ನೇ ಕೆಲಸ ಮಾಡಿಕೊಂಡಿರುತ್ತಾರೆ. ನಮಗೆ ಮೂರು ಕಡೆ ಹೇಳಿದ್ದು ಸೈಕಲ್‌ಗೆ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷ. ಕಡಿಮೆ ಹೇಳಿದ ಕಡೆ ಇಂಜೆಕ್ಷನ್ ಸೇರಿರಲಿಲ್ಲ, ಫ್ರೀಜಿಂಗ್ ಸೇರಿರಲಿಲ್ಲ, ಟ್ಯಾಂಕ್‌ನ ವರ್ಷದ ಬಾಡಿಗೆಯೂ ಸೇರಿರಲಿಲ್ಲ. ಎಲ್ಲ ಕೂಡಿಸಿದಾಗ ಮೂರು ಕಡೆಯದ್ದೂ ಹತ್ತಿರ ಹತ್ತಿರ ಬಂತು. ಚೈನ್ ಆರಿಸಿದರೆ ಹೆಸರು ನೋಡಬೇಡಿ, ಆ ಬ್ರಾಂಚ್‌ನ ನೋಂದಣಿ, ಆ ಬ್ರಾಂಚ್‌ನ ಅಂಕಿ ಕೇಳಿ. ಲ್ಯಾಬ್ ಅದೇ ಕಟ್ಟಡದಲ್ಲಿದೆಯಾ ಅಂತಲೂ ಕೇಳಿ.

ಮೆಡಿಕಲ್ ಕಾಲೇಜು ಅಥವಾ ಮಲ್ಟಿಸ್ಪೆಷಾಲಿಟಿ ಆಸ್ಪತ್ರೆಯ ವಿಭಾಗ ಯಾರಿಗೆ ಒಳ್ಳೆಯದು? ಬಿಪಿ, ಸಕ್ಕರೆ, ಹೃದಯದ ತೊಂದರೆ ಇದ್ದವರಿಗೆ. ಮುಂಚೆ ಆಪರೇಷನ್ ಆದವರಿಗೆ. ಪಕ್ಕದಲ್ಲೇ ಐಸಿಯು ಇರುತ್ತದೆ. ಕಾಯುವುದು ಜಾಸ್ತಿ, ಪ್ರತಿ ಸಲ ಬೇರೆ ಡಾಕ್ಟರ್ ಸಿಗಬಹುದು.

ನಿಮ್ಮ ಪರಿಸ್ಥಿತಿಗೆ ಯಾವುದು

ವಯಸ್ಸು 38 ದಾಟಿದ್ದರೆ ದೂರ, ದುಡ್ಡು ಎರಡಕ್ಕಿಂತ ಲ್ಯಾಬ್ ಅಂಕಿಗೆ ಬೆಲೆ ಕೊಡಿ. ನಿಮಗೆ ಸಿಗುವ ಅಂಡಾಣುಗಳೇ ಕಡಿಮೆ, ಒಂದೂ ಹಾಳಾಗಬಾರದು. ಒಂದು ಸೈಕಲ್ ಅಗ್ಗದ ಕಡೆ ಮಾಡಿ ನೋಡೋಣ ಅನ್ನುವುದು ನಿಮ್ಮ ವಿಷಯದಲ್ಲಿ ದುಬಾರಿ. ಕಾನೂನಿನ ಮಿತಿಯೂ ನೆನಪಿರಲಿ, ಹೆಂಗಸಿಗೆ 50 ವರ್ಷ, ಗಂಡಸಿಗೆ 55.

ದಾನಿಯ ಅಂಡಾಣು ಬೇಕಿದ್ದರೆ ಕ್ಲಿನಿಕ್‌ಗಿಂತ ಮೊದಲು ಬ್ಯಾಂಕ್‌ನ ನೋಂದಣಿ ನೋಡಿ. ದಾನಿ 23ರಿಂದ 35 ವರ್ಷದವಳಾಗಿರಬೇಕು. ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಜಾಸ್ತಿ ಅಂಡಾಣು ತೆಗೆಯುವಂತಿಲ್ಲ. ಒಬ್ಬ ದಾನಿಯದ್ದು ಒಂದೇ ದಂಪತಿಗೆ. ಅವಳಿಗೆ 12 ತಿಂಗಳ ವಿಮೆ ನೀವು ಮಾಡಿಸಬೇಕು. "ಹದಿನೈದು ಅಂಡಾಣು ಗ್ಯಾರಂಟಿ" ಅಂತ ಹೇಳುವ ಕಡೆ ಯಾರೋ ಒಬ್ಬ ಹೆಣ್ಣುಮಗಳ ದೇಹದ ಮೇಲೆ ಕಾನೂನು ಮುರಿಯುತ್ತಿದ್ದಾರೆ. ನಿಮಗೆ ಎಷ್ಟೇ ಆತುರ ಇರಲಿ, ಅದಕ್ಕೆ ಒಪ್ಪಬೇಡಿ.

ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಅಂಡಾಣು ಅಥವಾ ವೀರ್ಯ ಫ್ರೀಜ್ ಮಾಡಿಸುವವರಿಗೆ ಆರಿಸಲು ಸಮಯವೇ ಇರುವುದಿಲ್ಲ. ನಿಮ್ಮ ಅಳತೆ ಎರಡೇ: ಈ ವಾರವೇ ಶುರು ಮಾಡುತ್ತಾರಾ, ಟ್ಯಾಂಕ್ ವ್ಯವಸ್ಥೆ ಗಟ್ಟಿ ಇದೆಯಾ. ಬ್ಯಾಚ್‌ಗೆ ಕಾಯುವ ಕಡೆ ನಿಮಗಲ್ಲ. ಕಾಯ್ದೆಯಲ್ಲಿ ಶೇಖರಣೆಗೆ 10 ವರ್ಷದ ಮಿತಿ ಇದೆ, ಅದು ನಿಮಗೆ ಹೇಗೆ ಅನ್ವಯಿಸುತ್ತದೆ ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಕೇಳಿ ಬರೆಸಿಕೊಳ್ಳಿ.

ಲಂಡನ್, ಡಲ್ಲಾಸ್‌ನಂಥ ಕಡೆಯಿಂದ ಕೇಳುವ ನಮ್ಮವರಿಗೊಂದು ಮಾತು. ಬ್ರಿಟನ್‌ನಲ್ಲಿ 1990ರ ಕಾಯ್ದೆಯಿಂದ ಎಚ್‌ಎಫ್‌ಇಎ ಲೈಸೆನ್ಸ್ ಕೊಡುತ್ತದೆ, ತಪಾಸಣೆಯ ವರದಿಯನ್ನು ಎಲ್ಲರೂ ಓದಬಹುದು. ಅಮೆರಿಕದಲ್ಲಿ ಲ್ಯಾಬ್‌ಗೆ ಅಂಥ ಒಂದೇ ಲೈಸೆನ್ಸ್ ಇಲ್ಲ. ಸಿಎಪಿ (ಅಮೆರಿಕದ ರೋಗಶಾಸ್ತ್ರ ತಜ್ಞರ ಸಂಘ) ಥರದ ಸಂಸ್ಥೆಯ ಮಾನ್ಯತೆ ಇದೆಯಾ ನೋಡಬೇಕು. ರಜೆಯಲ್ಲಿ ಬೆಂಗಳೂರಿಗೆ ಬಂದು ಮಾಡಿಸಿದರೆ ದುಡ್ಡು ಉಳಿಯಬಹುದು, ಅಮ್ಮನ ಮನೆಯ ಊಟವೂ ಸಿಗುತ್ತದೆ. ಆದರೆ ಉಳಿದ ಭ್ರೂಣವನ್ನು ಹೊರದೇಶಕ್ಕೆ ಒಯ್ಯಲು ಎಆರ್‌ಟಿ ಕಾಯ್ದೆಯ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು, ಅದೂ ಸ್ವಂತ ಬಳಕೆಗೆ ಮಾತ್ರ. ಎಲ್ಲಿ ಫ್ರೀಜ್ ಮಾಡಿಸುತ್ತೀರೋ ಮುಂದಿನ ಸಲವೂ ಅಲ್ಲಿಗೇ ಬರಬೇಕು ಅಂತ ಅಂದುಕೊಂಡೇ ಟಿಕೆಟ್ ಲೆಕ್ಕ ಹಾಕಿ.

ಎಲ್ಲ ನೋಡಿ ಮಾಡಿದ ಮೇಲೂ ಎಡವಟ್ಟಾದರೆ, ಮೊದಲು ಕ್ಲಿನಿಕ್‌ನ ದೂರು ವಿಭಾಗಕ್ಕೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆಮೇಲೆ ಎಆರ್‌ಟಿ ಕಾಯ್ದೆಯ ರಾಜ್ಯ ಪ್ರಾಧಿಕಾರ. ಹಣದ ಪರಿಹಾರಕ್ಕೆ ಗ್ರಾಹಕ ಆಯೋಗ. ವೈದ್ಯಕೀಯ ಸೇವೆಯೂ ಅದರ ವ್ಯಾಪ್ತಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲ ಕಡೆಯೂ ಮೊದಲು ಕೇಳುವುದು ಕಾಗದವನ್ನೇ.

ಅಕ್ಕನ ಎರಡನೆಯ ಕ್ಲಿನಿಕ್ ಕೊಟ್ಟ ಕಾಗದ ಎರಡು ಪುಟ ಇತ್ತು. ಐದನೆಯ ದಿನ, ಗ್ರೇಡ್, ಕಿಟ್‌ನ ಹೆಸರು, ಟ್ಯಾಂಕ್ ಸಂಖ್ಯೆ, ಸ್ಟ್ರಾದ ಬಣ್ಣ, ಇಬ್ಬರ ಸಹಿ. ನೀವು ನೋಡಲು ಹೋದಾಗ ಇಂಥದ್ದೊಂದು ಕಾಗದದ ಮಾದರಿಯನ್ನು, ಹೆಸರು ಮುಚ್ಚಿ, ತೋರಿಸಲು ಹೇಳಿ. ಎರಡು ನಿಮಿಷದ ಕೆಲಸ, ದುಡ್ಡು ಕಟ್ಟುವ ಮೊದಲೇ ಮಾಡಿ.